ಹಳೆಯ ಟ್ಯಾಂಕರ್ ಕೊಳ್ಳುವ ಮುನ್ನ

ಪೆಟ್ರೋಲ್ ಸಾಗಿಸಿದ ಹಳೆಯ ಟ್ಯಾಂಕರ್ ಲಾರಿ ಮಾರಾಟಕ್ಕಿದೆ ಎಂಬ ಜಾಹೀರಾತುಗಳನ್ನು ನೀವು ನೋಡಿರಬಹುದು. ಟೈರು ಎಷ್ಟು ಸವೆದಿದೆ, ಎಫ್.ಸಿ. ಎಂದಿನವರೆಗೆ ಇದೆ, ವಿಮೆ ಕಟ್ಟಿದೆಯೇ ಎಂಬುದೆಲ್ಲ ಅದರಲ್ಲಿರುತ್ತದೆ. ಟ್ಯಾಂಕಿನೊಳಗೆ ಏನು ಉಳಿದಿದೆ ಎಂಬುದು ಮಾತ್ರ ಇರುವುದಿಲ್ಲ. ಲಾರಿ ವ್ಯಾಪಾರದಲ್ಲಿ ಡಾಕ್ಟರಿಗೇನು ಕೆಲಸ ಎಂದು ಕೇಳಬೇಡಿ.

ಬರಿದಾದ ಟ್ಯಾಂಕೆಂದರೆ ಅಪಾಯ ಕಳೆಯಿತೆಂದು ತಿಳಿಯುವವರೇ ಹೆಚ್ಚು. ತಳದ ಗಸಿಯಲ್ಲಿ, ತುಕ್ಕಿನ ಹಕ್ಕಳೆಗಳಲ್ಲಿ ಉಳಿದ ಪೆಟ್ರೋಲು ಆವಿಯಾಗುತ್ತಲೇ ಇರುತ್ತದೆ. ಆ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ. ಮೇಲಿನ ಮುಚ್ಚಳ ತೆರೆದಿಟ್ಟರೂ ಅದು ತಳದಲ್ಲೇ ನಿಲ್ಲುತ್ತದೆ. ಅದನ್ನು ತೊಳೆಯಲು ಬಕೆಟ್ಟು, ಬಟ್ಟೆ ಕೊಟ್ಟು ಕ್ಲೀನರ್ ಹುಡುಗನನ್ನು ಇಳಿಸುತ್ತಾರೆ. ಮೊದಲು ತಲೆಸುತ್ತು, ಅಮಲೇರಿದವರಂತೆ ತೊದಲು. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 21ರಷ್ಟಿದೆ. ಅದು ಶೇ. 10ಕ್ಕಿಂತ ಕೆಳಗಿಳಿದ ಕಡೆ ಕೂಗಿ ಕರೆಯಲೂ ಸಮಯ ಸಿಗದು. ‘ವಾಸನೆ ಕಡಿಮೆಯಾಯಿತು, ಇನ್ನು ಇಳಿ’ ಎನ್ನುವ ಜಾಣರಿದ್ದಾರೆ. ಮೂಗು ಸ್ವಲ್ಪ ಹೊತ್ತಿಗೇ ವಾಸನೆಗೆ ಒಗ್ಗಿಬಿಡುತ್ತದೆ, ಆವಿ ಹಾಗೇ ಇರುತ್ತದೆ. ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಬೀಳುತ್ತಾನೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೆ ಏನೂ ಪ್ರಯೋಜನವಿಲ್ಲ. ಹೊರಗಿನಿಂದ ಗಾಳಿ ಒದಗಿಸುವ ಮುಖವಾಡ, ಸೊಂಟಕ್ಕೆ ಹಗ್ಗ, ಮೇಲೆ ಕಾವಲಿಗೊಬ್ಬ ಇಲ್ಲದೆ ಯಾರೂ ಇಳಿಯಕೂಡದು.

ವೆಲ್ಡಿಂಗ್ ಇನ್ನೂ ಕೆಟ್ಟದ್ದು. ಗಾಳಿಯಲ್ಲಿ ಶೇ. ಒಂದೂವರೆಯಷ್ಟು ಆವಿ ಬೆರೆತಿದ್ದರೂ ಒಂದು ಕಿಡಿಗೆ ಟ್ಯಾಂಕು ಸಿಡಿಯುತ್ತದೆ. ಆವಿ ಇಲ್ಲವೆಂದು ಪರೀಕ್ಷಿಸಿದ ಅರ್ಹರ ಪ್ರಮಾಣಪತ್ರವನ್ನು ಆರ್.ಸಿ. ಪುಸ್ತಕದ ಜೊತೆಯಲ್ಲೇ ಮಾರುವವನು ಕೊಡಬೇಕು, ಕೊಳ್ಳುವವನು ಕೇಳಿ ಪಡೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಕೆಲವರಿಗೆ, ಬಣ್ಣ ಬಳಿಸಿ ‘ಕುಡಿಯುವ ನೀರು’ ಎಂದು ಬರೆಸಿದರೆ ಬೇಸಿಗೆಯಲ್ಲಿ ಒಳ್ಳೆಯ ಸಂಪಾದನೆ ಎಂಬ ಲೆಕ್ಕ. ಪೆಟ್ರೋಲಿನಲ್ಲಿ ಬೆಂಜೀನ್ ಇದೆ, ಅದು ರಕ್ತದ ಕ್ಯಾನ್ಸರ್ ತರಬಲ್ಲದು. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶೇ. 1ರಷ್ಟು ಬೆಂಜೀನ್ ಇರುವ ಪೆಟ್ರೋಲು ಮೂರೇ ಟೀ ಚಮಚ ಬೆರೆತರೆ 12,000 ಲೀಟರ್ ನೀರು ಆ ಮಿತಿ ದಾಟುತ್ತದೆ. ಸೋಪಿನ ನೀರಲ್ಲಿ ತೊಳೆದೆವು ಎಂಬ ಮಾತನ್ನು ನಂಬಿ ಮಕ್ಕಳಿಗೆ ಕುಡಿಸುತ್ತೀರಾ? ನಿಮ್ಮ ಬೀದಿಗೆ ಬರುವ ಟ್ಯಾಂಕರ್ ಮೊದಲು ಏನು ಸಾಗಿಸುತ್ತಿತ್ತೆಂದು ವಿಚಾರಿಸಿ.

ಮನೆಯಲ್ಲಿ ಯಾರಾದರೂ ಟ್ಯಾಂಕರ್ ತೊಳೆಯುವ ಕೆಲಸದಲ್ಲಿದ್ದು, ಸುಸ್ತು, ವಸಡಿನಲ್ಲಿ ರಕ್ತ, ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆಗಳು ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಅವರ ಕೆಲಸವೇನೆಂದು ವೈದ್ಯರಿಗೆ ತಪ್ಪದೆ ತಿಳಿಸಿ.