ಮಂಜಿನೊಳಗಣ ಮ್ಯಾಕ್‌ಬೆತ್

ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಜಪಾನಿನ ಅಂತಃಕಲಹದ ಯುಗಕ್ಕೆ ಕೊಂಡೊಯ್ದು ಅಕಿರಾ ಕುರೊಸಾವಾ 1957ರಲ್ಲಿ ತೆರೆಗೆ ತಂದ, ‘ಥ್ರೋನ್ ಆಫ್ ಬ್ಲಡ್’ ಎಂದು ಲೋಕಪ್ರಸಿದ್ಧವಾದ ಚಲನಚಿತ್ರವನ್ನು ಈಗ ಮತ್ತೆ ನೋಡಹೊರಟವರಿಗೆ ಮೊದಲು ಎದ್ದು ತೋರುವುದು ಅದು ಕಳೆದುಕೊಂಡ ಸಂಪತ್ತೇ. ಪತ್ನಿಯ ಮರಣವಾರ್ತೆಯನ್ನು ಕೇಳಿ ಮ್ಯಾಕ್‌ಬೆತ್ ಬಾಳಿನ ನಿರರ್ಥಕತೆಯನ್ನು ಕುರಿತು ಆಡುವ ಮಾತಾಗಲಿ, ಕೊಲೆಯ ರಾತ್ರಿ ಶೂನ್ಯದಲ್ಲಿ ಕಠಾರಿಯನ್ನು ಕಂಡು ನುಡಿಯುವ ಸ್ವಗತವಾಗಲಿ ಅಲ್ಲಿಲ್ಲ. ಕಾವ್ಯವನ್ನು ಕಳೆದ ಮೇಲೆ ಉಳಿಯುವುದು ಕಥೆಯ ಅಸ್ಥಿಪಂಜರ ಮಾತ್ರವಲ್ಲವೇ ಎಂದು ಆಕ್ಷೇಪಿಸುವ ಸಹೃದಯರುಂಟು. ಆಕ್ಷೇಪವು ಹಗುರವಾದುದಲ್ಲ. ಆದರೂ ಮೂಲಕ್ಕಿಂತ ಘೋರವಾದ ಒಂದು ದರ್ಶನವನ್ನು ಈ ಚಿತ್ರವು ಆ ತ್ಯಾಗದಿಂದಲೇ ಸಂಪಾದಿಸಿಕೊಂಡಿತೆಂದು ನಾನು ನಂಬಿದ್ದೇನೆ.

ನಾಟಕದ ಡಂಕನ್ ಸಾಧುವಾದ ಅರಸು. ಅವನ ವಧೆಯಿಂದ ಕೆಟ್ಟ ರಾಜ್ಯಧರ್ಮವು ಮಗ ಮಾಲ್ಕಮನು ಪಟ್ಟಕ್ಕೆ ಬರುವುದರೊಡನೆ ನೆಲೆಗೊಳ್ಳುತ್ತದೆ. ಸ್ಕಾಟ್ಲೆಂಡಿನ ಜೇಮ್ಸ್ ದೊರೆಯು ಇಂಗ್ಲೆಂಡಿನ ಸಿಂಹಾಸನದ ಮೇಲೆ ಕುಳಿತಿದ್ದ ಕಾಲದ ಕೃತಿಗೆ ಅಂಥ ಮುಕ್ತಾಯವು ಸಹಜವಾದುದೇ. ಕುರೊಸಾವಾ ಈ ಆಸರೆಯನ್ನು ಬುಡಸಹಿತ ಕಿತ್ತುಹಾಕಿದನು. ಇಲ್ಲಿ ಕೊಲೆಯಾಗುವ ಒಡೆಯನೂ ತನ್ನ ಒಡೆಯನನ್ನು ಕೊಂದು ಕೋಟೆಯನ್ನು ಏರಿದವನೇ. ಹಿಂಜರಿಯುವ ಸೇನಾನಿ ವಾಷಿಜುವಿಗೆ ಹೆಂಡತಿ ಆಸಾಜಿ ಹೇಳುವುದು ಆ ಮಾತನ್ನೇ. ದಂಪತಿಗಳು ಆ ರಾತ್ರಿ ಕುಳಿತ ಕೋಣೆಯಲ್ಲಾದರೋ ಹಿಂದಿನ ದ್ರೋಹಿಯೊಬ್ಬನ ನೆತ್ತರಿನ ಕಲೆ ತೊಳೆದರೂ ಹೋಗದೆ ಉಳಿದಿದೆ. ಪಾಪಕ್ಕೆ ಮುಂಚಿನ ನಿರ್ಮಲಕಾಲವೊಂದಿದ್ದಿತು, ಅದಕ್ಕೆ ಮರಳಬಹುದು ಎಂಬ ಸಾಂತ್ವನವು ಹೀಗೆ ನಮಗೆ ದೊರೆಯದೆ ಹೋಗುತ್ತದೆ. ಮಹಾಯುದ್ಧವು ಮುಗಿದು ಹನ್ನೆರಡು ವರ್ಷವಷ್ಟೇ ಆಗಿದ್ದ ದೇಶದ ಕಲಾವಿದನೊಬ್ಬನು ಅಧಿಕಾರವನ್ನು ಈ ಕಣ್ಣಿನಿಂದ ಕಂಡುದರಲ್ಲಿ ಆಶ್ಚರ್ಯವೇನು?

ಆಸಾಜಿಯ ಪಾತ್ರದಲ್ಲಿ ಇಸುಜು ಯಮಡಾ ಎಂಬ ನಟಿ ತೋರಿದ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ನೋ ನಾಟ್ಯದ ಮುಖವಾಡದಂತೆ ನಿಶ್ಚಲವಾದ ಮುಖ. ಕಣ್ಣುಗಳು ಅಲುಗುವುದೂ ವಿರಳ. ಕಾವಲುಗಾರರಿಗೆ ಕುಡಿಸುವುದಕ್ಕೆ ಮದ್ದು ಬೆರೆಸಿದ ಮದ್ಯವನ್ನು ತರಲೆಂದು ಅವಳು ಬಾಗಿಲಾಚೆಯ ಕಗ್ಗತ್ತಲೆಯೊಳಕ್ಕೆ ನಡೆದು ಅದೃಶ್ಯಳಾಗುತ್ತಾಳೆ. ಮರುಕ್ಷಣ ಅದೇ ಕತ್ತಲೆಯಿಂದ ಜಾಡಿಯನ್ನು ಹಿಡಿದು ಹೊರಬರುತ್ತಾಳೆ. ಆಗೆಲ್ಲ ಕೇಳಿಸುವುದು ಅವಳ ರೇಷ್ಮೆಯುಡುಗೆ ನೆಲಕ್ಕೆ ಉಜ್ಜುವ ಸರಸರ ಸದ್ದು. ಕೊಲೆಯನ್ನು ನಿರ್ದೇಶಕನು ತೋರಿಸುವುದಿಲ್ಲ. ಹಿಂದಿರುಗಿದ ವಾಷಿಜುವಿನ ಕೈಗಳು ನೆತ್ತರು ಮೆತ್ತಿದ ಭರ್ಜಿಗೆ ಬೆಸೆದುಕೊಂಡಂತಿರಲು, ಆಕೆಯೇ ಅದನ್ನು ಬಿಡಿಸಿಕೊಂಡು ಹೋಗಿ ನಿದ್ರಿತನಾದ ಕಾವಲುಗಾರನ ಬಳಿಯಿರಿಸಿ ಬಂದು ಕೈತೊಳೆಯುತ್ತಾಳೆ. ಮೂಲದಲ್ಲಿ ಮಾತಿನಿಂದ ನಡೆಯುವ ಅಂತಃಕ್ಷೋಭೆಯೆಲ್ಲವೂ ಇಲ್ಲಿ ಆ ಬಿಗಿದ ಬೆರಳುಗಳೊಳಕ್ಕೆ ಇಳಿದಿದೆ.

ವಾಷಿಜುವಿನ ಅಂತ್ಯವೂ ಹಾಗೆಯೇ. ಮ್ಯಾಕ್‌ಬೆತ್‌ನನ್ನು ಕೊಲ್ಲಲು ನಾಟಕದಲ್ಲಿ ಹೆಂಡತಿಮಕ್ಕಳನ್ನು ಕಳೆದುಕೊಂಡ ಮ್ಯಾಕ್‌ಡಫ್ ಬರುತ್ತಾನೆ. ಆ ಕೈಯಲ್ಲಿ ನ್ಯಾಯವಿದೆ. ಚಿತ್ರದಲ್ಲಿ ಅಂಥ ವೀರನಿಲ್ಲ. ಕಾಡು ನಡೆದುಬರುವುದನ್ನು ಕಂಡು ಭೀತರಾದ ಸ್ವಂತ ಸೈನಿಕರೇ ಒಡೆಯನ ಮೇಲೆ ಬಾಣದ ಮಳೆಗರೆಯುತ್ತಾರೆ. ಚಿತ್ರೀಕರಣದಲ್ಲಿ ನಟ ತೊಷಿರೊ ಮಿಫುನೆಯ ಸುತ್ತ ಬಿಲ್ಗಾರರು ನಿಜವಾದ ಬಾಣಗಳನ್ನೇ ಎಸೆದರಾಗಿ, ಆ ಮುಖದ ದಿಗಿಲು ಅಭಿನಯವಷ್ಟೇ ಅಲ್ಲ. ಒಡೆಯನನ್ನು ಕೊಲ್ಲುವ ವಿದ್ಯೆಯನ್ನು ಆ ಸೈನಿಕರಿಗೆ ಕಲಿಸಿದವನು ವಾಷಿಜುವೇ.

ಡಿ.ವಿ.ಜಿ.ಯವರ ‘ಮ್ಯಾಕ್‌ಬೆತ್’ ಅನುವಾದವನ್ನು ಓದಿದ, ಅದೇ ಕಥೆಯನ್ನು ನಮ್ಮ ನೆಲಕ್ಕಿಳಿಸಿದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನು ಕಂಡ ಕನ್ನಡಿಗರಿಗೆ ಈ ಚಿತ್ರವು ಪರಕೀಯವೆನಿಸಲಾರದು. ನಮ್ಮ ಚಿತ್ರಸಮಾಜಗಳೂ ನಾಟಕಶಾಲೆಗಳೂ ಇದನ್ನು ಮತ್ತೆ ಪ್ರದರ್ಶಿಸಬೇಕು. ಅದರಲ್ಲಿಯೂ ಮೂಲದ ಮಾತನ್ನು ಬಿಟ್ಟರೆ ಮೂಲಕ್ಕೇ ದ್ರೋಹವಾದೀತೆಂದು ಅಳುಕುವ ತರುಣ ನಿರ್ದೇಶಕರು ಆಸಾಜಿ ಕತ್ತಲೆಯೊಳಕ್ಕೆ ಹೋಗಿಬರುವ ಆ ದೃಶ್ಯವನ್ನು ತಪ್ಪದೆ ನೋಡಬೇಕು.