ಪೆಟ್ರೋಲ್ ತೆರಿಗೆ ರಾಜ್ಯದ ಕೈಯಲ್ಲೇ ಇರಲಿ

ಇಂಧನದ ಬೆಲೆ ಏರಿದಾಗಲೆಲ್ಲ ಒಂದು ಬೇಡಿಕೆ ಜೋರಾಗುತ್ತದೆ: ರಾಜ್ಯದ ಮಾರಾಟ ತೆರಿಗೆಯನ್ನು ತೆಗೆದುಹಾಕಿ, ಪೆಟ್ರೋಲ್, ಡೀಸೆಲನ್ನು ಜಿಎಸ್‌ಟಿಗೆ ಸೇರಿಸಿ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದಾಗ ಜನ ಸಿಟ್ಟಾದದ್ದು ನ್ಯಾಯವೇ. ಆದರೆ ಆ ಸಿಟ್ಟಿಗೆ ತೆರಿಗೆಯನ್ನೇ ರದ್ದು ಮಾಡುವುದು ಮದ್ದಲ್ಲ. ರಾಜ್ಯದ್ದೋ ಊರಿನದ್ದೋ ತೆರಿಗೆ ರದ್ದಾದಾಗ ಅದರ ಜೊತೆ ತೀರ್ಮಾನಿಸುವ ಹಕ್ಕೂ ಹೋಗುತ್ತದೆ. ಈ ಪಾಠವನ್ನು ನಾವು ಈಗಾಗಲೇ ಎರಡು ಸಲ ಕಲಿತಿದ್ದೇವೆ.

ಮೊದಲನೆಯದು ಆಕ್ಟ್ರಾಯ್. 1979ರವರೆಗೆ ನಮ್ಮ ಪುರಸಭೆ, ನಗರಸಭೆಗಳು ಊರೊಳಗೆ ಬರುವ ಸರಕಿನ ಮೇಲೆ ಅದನ್ನು ವಸೂಲು ಮಾಡುತ್ತಿದ್ದವು. ಗೇಟುಗಳಲ್ಲಿ ಲಾರಿಗಳ ಸಾಲು, ಲಂಚ, ಕಾಲಹರಣ. ಅದು ಹೋದದ್ದು ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ ರಾಜ್ಯದ ಪಾಲಾಯಿತು. ಊರಿಗೆ ಉಳಿದದ್ದು ಪರಿಹಾರದ ಅನುದಾನ. ಸ್ವಂತ ವರಮಾನವಿದ್ದ ಸಂಸ್ಥೆಗಳು ಬಿಡುಗಡೆ ಆದೇಶಕ್ಕೆ ಕಾಯುವಂತಾದವು. 2017ರಲ್ಲಿ ಮುಂಬೈಯಲ್ಲೂ ಹೀಗೇ ಆಯಿತು. ದೇಶದ ಅತಿ ಶ್ರೀಮಂತ ಪಾಲಿಕೆಯ ಆಕ್ಟ್ರಾಯ್ ನಿಂತಿತು, ರಾಜ್ಯ ಸರ್ಕಾರದಿಂದ ಸುಮಾರು 647 ಕೋಟಿ ರೂಪಾಯಿಯ ಮೊದಲ ಪರಿಹಾರದ ಚೆಕ್ ಬಂತು. ಮೊತ್ತ ದೊಡ್ಡದೇ, ಆದರೆ ಅಂದಿನಿಂದ ಪಾಲಿಕೆ ಕೈಚಾಚಬೇಕಾಯಿತು.

ಎರಡನೆಯದು ಜಿಎಸ್‌ಟಿ. 101ನೇ ತಿದ್ದುಪಡಿ ರಾಜ್ಯಪಟ್ಟಿಯಿಂದ ಪ್ರವೇಶ ತೆರಿಗೆಯನ್ನೂ ಜಾಹೀರಾತು ತೆರಿಗೆಯನ್ನೂ ಅಳಿಸಿತು. ವರಮಾನ ವರ್ಷಕ್ಕೆ ಶೇ 14ರಷ್ಟು ಬೆಳೆಯದಿದ್ದರೆ ಕೊರತೆ ತುಂಬಿಕೊಡುವ ಭರವಸೆ ರಾಜ್ಯಗಳಿಗೆ ಸಿಕ್ಕಿತು, ಅದೂ ಐದೇ ವರ್ಷಕ್ಕೆ. 2020ರಲ್ಲಿ ಕೋವಿಡ್ ಬಂದು ಪರಿಹಾರ ನಿಧಿ ಸಾಲದಾದಾಗ ಆ ಹಣ ಸಾಲದ ರೂಪದಲ್ಲಿ ಬಂತು. 2022ರ ಜೂನ್‌ಗೆ ಭರವಸೆಯ ಅವಧಿಯೂ ಮುಗಿಯಿತು. ಈಗ ದರ ತೀರ್ಮಾನಿಸುವ ಮಂಡಳಿಯಲ್ಲಿ ಮೂರನೇ ಒಂದು ಭಾಗದ ಮತತೂಕ ಕೇಂದ್ರದ್ದು. ನಿರ್ಣಯಕ್ಕೆ ಬೇಕಾದದ್ದು ನಾಲ್ಕನೇ ಮೂರು ಭಾಗ. ಕೇಂದ್ರ ಒಪ್ಪದೆ ಅಲ್ಲಿ ಏನೂ ನಡೆಯದು. ಕರ್ನಾಟಕ ಒಂದೇ ವಿರೋಧಿಸಿದರೆ ಏನೂ ನಿಲ್ಲದು.

ಕರ್ನಾಟಕದ ಸ್ವಂತ ತೀರ್ಮಾನಕ್ಕೆ ಉಳಿದಿರುವ ದೊಡ್ಡ ಮೂಲಗಳು ಬೆರಳೆಣಿಕೆಯವು: ಮದ್ಯ, ಇಂಧನ, ನೋಂದಣಿ, ವಾಹನ ತೆರಿಗೆ. ಪೆಟ್ರೋಲನ್ನು ಶೇ 18ರ ಜಿಎಸ್‌ಟಿಗೆ ಹಾಕಿದರೆ ರಾಜ್ಯದ ಅರ್ಧ ಪಾಲು ಶೇ 9. ಗರಿಷ್ಠ ಶೇ 40 ಹಾಕಿದರೂ ಶೇ 20. ಆ ಖೋತಾವನ್ನು ತುಂಬುವುದು ಯಾರು? ಸಾಲ ಮಾಡಬೇಕು, ಇಲ್ಲವೇ ಶಾಲೆ, ಆಸ್ಪತ್ರೆ, ನೀರಾವರಿಯ ಖರ್ಚು ಕಡಿಯಬೇಕು.

ಬಡವರಿಗೆ ಇಂಧನ ಅಗ್ಗವಾಗಬೇಡವೇ ಎಂದು ಕೇಳಬಹುದು. ಖಂಡಿತ ಆಗಬೇಕು. ಹಾಗಿದ್ದರೆ ಪ್ರಶ್ನೆ ದೆಹಲಿಗೂ ಹೋಗಲಿ. 2022ರ ಮೇ ಕಡಿತದ ನಂತರ ಲೀಟರ್ ಪೆಟ್ರೋಲ್ ಮೇಲೆ ಕೇಂದ್ರದ ಸುಂಕ 19.90 ರೂಪಾಯಿ ಇತ್ತು. ಅದರಲ್ಲಿ ರಾಜ್ಯಗಳಿಗೆ ಪಾಲು ಸಿಗುವ ಮೂಲ ಸುಂಕ 1.40 ರೂಪಾಯಿ ಮಾತ್ರ. ಮಿಕ್ಕದ್ದೆಲ್ಲ ಸೆಸ್ ಮತ್ತು ವಿಶೇಷ ಸುಂಕ. ಅದರಲ್ಲಿ ರಾಜ್ಯಗಳಿಗೆ ಬಿಡಿಗಾಸಿಲ್ಲ. ಹಂಚಿಕೆಯಾಗುವ ಮೊತ್ತದಲ್ಲೂ ಕರ್ನಾಟಕದ ಪಾಲನ್ನು 15ನೇ ಹಣಕಾಸು ಆಯೋಗ ಶೇ 4.713ರಿಂದ ಶೇ 3.647ಕ್ಕೆ ಇಳಿಸಿತು.

ಬೆಂಗಳೂರಿನಲ್ಲಿ ಏರಿದ ತೆರಿಗೆಗೆ ಬೆಂಗಳೂರಿನ ಸರ್ಕಾರ ಉತ್ತರ ಕೊಡಬೇಕು. ಕೊಡದಿದ್ದರೆ ಮತದಾರ ಅದನ್ನು ಇಳಿಸಬಹುದು. ಮಂಡಳಿಯ ತೀರ್ಮಾನಕ್ಕೆ ನಮ್ಮ ಶಾಸಕರನ್ನು ಹೊಣೆ ಮಾಡುವುದು ಹೇಗೆ?

ರಾಜ್ಯ ಸರ್ಕಾರವೂ ಇದೇ ಮಾತನ್ನು ತನಗೆ ಅನ್ವಯಿಸಿಕೊಳ್ಳಬೇಕು. ದೆಹಲಿಯ ಮುಂದೆ ಸ್ವಾಯತ್ತತೆ ಕೇಳುವವರು ಪುರಸಭೆಗಳಿಗೆ ಅದನ್ನು ನಿರಾಕರಿಸುವುದು ನ್ಯಾಯವಲ್ಲ. ರಾಜ್ಯದ ಜಿಎಸ್‌ಟಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಇಂತಿಷ್ಟು ಪಾಲು ಎಂದು ಕಾನೂನಿನಲ್ಲೇ ಬರೆಯಲಿ. ಕೇಂದ್ರ ತನ್ನ ಸೆಸ್‌ಗಳನ್ನು ಹಂಚಿಕೆಯ ಮೊತ್ತಕ್ಕೆ ಸೇರಿಸಲಿ. ಅವೆರಡೂ ಆಗುವವರೆಗೆ ಮತ್ತೊಂದು ತೆರಿಗೆಯನ್ನು ಬಿಟ್ಟುಕೊಡುವ ಮಾತೇ ಬೇಡ.