ಖಳನ ಲೆಕ್ಕವೂ ನಮ್ಮ ಲೆಕ್ಕವೂ

ಪ್ರತಿನಾಯಕನು ಪ್ರಬಲನಾದಷ್ಟೂ ಅವನನ್ನು ಗೆದ್ದ ನಾಯಕನ ಹಿರಿಮೆ ಹೆಚ್ಚುವುದೆಂದು ನಮ್ಮ ಆಲಂಕಾರಿಕರು ಬಗೆದಿದ್ದರು. ಆಡುವವನೇ ನಾಯಕನ ಪಾತ್ರವನ್ನು ವಹಿಸಿ ಕಥೆಯನ್ನು ನಡೆಸುವ ಗಣಕಯಂತ್ರದ ಆಟಗಳೂ ಇಂತಹ ನಂಬಿಕೆಯನ್ನೇ ಹಿಡಿದು ಬೆಳೆದವು. ಅಮೆರಿಕದ ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’ ಮಾಲೆಯ ಮೊದಲ ಆಟದಲ್ಲಿ (1981) ಮಾಂಡೇನ್ ಎಂಬ ಮಾಂತ್ರಿಕನನ್ನು ಸಂಹರಿಸಬೇಕು. ಎರಡನೆಯದರಲ್ಲಿ (1982) ಅವನ ಶಿಷ್ಯೆಯಾದ ಮಿನಾಕ್ಸಳನ್ನು. ಸಂಹಾರವಾದೊಡನೆ ಕಥೆಯೂ ಮುಗಿಯುತ್ತದೆ.

ಯಂತ್ರದ ದೃಷ್ಟಿಯಿಂದ ನೋಡಿದರೆ ಇಂತಹ ಖಳನ ಬಲವೆಂಬುದು ಸಾಮಾನ್ಯವಾಗಿ ಸ್ಮೃತಿಯಲ್ಲಿ ಬರೆದಿಟ್ಟ ಒಂದು ಸಂಖ್ಯೆ. ಪ್ರತಿಯೊಂದು ಏಟಿಗೂ ಆ ಸಂಖ್ಯೆಯಲ್ಲಿ ಇಷ್ಟಿಷ್ಟು ಕಳೆಯುತ್ತ ಬಂದು, ಅದು ಸೊನ್ನೆಗಿಳಿದರೆ ಖಳನು ಸತ್ತನೆಂದು ಲೆಕ್ಕ. ಸಂಖ್ಯೆಯನ್ನು ಹಿಗ್ಗಿಸಿದ ಮಾತ್ರಕ್ಕೆ ಖಳನು ದೊಡ್ಡವನಾಗುವುದಿಲ್ಲವೆಂದು ನನ್ನ ಅಭಿಪ್ರಾಯ. ಆಟಗಾರನ ಮನಸ್ಸನ್ನು ಪರೀಕ್ಷಿಸಬಲ್ಲವನೇ ದೊಡ್ಡ ಖಳ.

ಜಪಾನಿನಲ್ಲಿ 1986ರಲ್ಲಿ ಹೊರಬಂದ ‘ಡ್ರ್ಯಾಗನ್ ಕ್ವೆಸ್ಟ್’ ಇದಕ್ಕೆ ನಿದರ್ಶನ. ಇಡೀ ಆಟವು ಅಡಗಿದ್ದುದು 64 ಕಿಲೋಬೈಟ್‌ಗಳಷ್ಟು ಕಿರಿದಾದ ಸ್ಮೃತಿಯಲ್ಲಿ. ಆದರೂ ಅದರ ಖಳನು ಕೊನೆಯ ಕಾಳಗಕ್ಕೆ ಮುನ್ನ, ತನ್ನ ಪಕ್ಷಕ್ಕೆ ಬಂದರೆ ಅರ್ಧ ಜಗತ್ತನ್ನು ಕೊಡುವುದಾಗಿ ಹೇಳಿ ಉತ್ತರವನ್ನು ಕೇಳುತ್ತಾನೆ. ಆಸೆಗೆ ಒಳಗಾಗಿ ‘ಹೌದು’ ಎಂದವನ ಸಾಹಸ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೆ ಒಂದು ವರ್ಷ ಮೊದಲೇ ಗ್ಯಾರಿಯಟ್ಟರ ನಾಲ್ಕನೆಯ ‘ಅಲ್ಟಿಮಾ’ (1985) ಇನ್ನೂ ಮುಂದೆ ಹೋಗಿತ್ತು. ಅದರಲ್ಲಿ ದಾರಿಗಡ್ಡ ಬರುವ ರಾಕ್ಷಸರುಂಟು, ಕೊಲ್ಲಬೇಕಾದ ಮಹಾಖಳನಿಲ್ಲ. ಪ್ರಾಮಾಣಿಕತೆ, ಕರುಣೆ ಮೊದಲಾದ 8 ಸದ್ಗುಣಗಳನ್ನು ಸಾಧಿಸಿ ‘ಅವತಾರ’ವೆನಿಸಿಕೊಳ್ಳುವುದೇ ಗುರಿ, ಹೆಸರು ನಮ್ಮ ಸಂಸ್ಕೃತ ಪದವೇ. ಅಲ್ಲಿ ಮಂತ್ರಕ್ಕೆ ಬೇಕಾದ ಮೂಲಿಕೆಗಳನ್ನು ಮಾರುವವರಿಗೆ ಕಣ್ಣು ಕಾಣದು. ಎಷ್ಟು ನಾಣ್ಯಗಳನ್ನು ಎಣಿಸಿಕೊಡುವುದೆಂಬುದು ಆಟಗಾರನಿಗೇ ಬಿಟ್ಟದ್ದು. ಕಡಮೆ ಕೊಟ್ಟರೂ ಸರಕು ದೊರೆಯುತ್ತದೆ. ಆದರೆ ಯಂತ್ರವು ಗುಟ್ಟಾಗಿ ಅವನ ಪ್ರಾಮಾಣಿಕತೆಯ ಅಂಕವನ್ನು ಇಳಿಸುತ್ತದೆ.

ಮಹಾಶತ್ರುವಿಲ್ಲದ ಆಟದಲ್ಲಿ ರಸವೆಲ್ಲಿಯದೆಂದು ಕೆಲವರು ಕೇಳಬಹುದು. ಇಲ್ಲಿಯೂ ಶತ್ರುವುಂಟು, ಆಟಗಾರನ ಲೋಭವೇ ಆ ಶತ್ರು.

ಯಂತ್ರವು ಒಳಿತು ಕೆಡಕುಗಳನ್ನು ತಾನಾಗಿ ಅರಿಯದು. ರಚಿಸಿದವನು ಯಾವುದನ್ನು ಎಣಿಸೆಂದನೋ ಅದನ್ನಷ್ಟೇ ಎಣಿಸುತ್ತದೆ. ಖಳನ ಬಲವನ್ನು ಮಾತ್ರ ಎಣಿಸುವ ಆಟವು, ಕೆಡಕೆಲ್ಲವೂ ಪರರಲ್ಲಿಯೇ ಇದೆಯೆಂಬ ಭಾವನೆಯನ್ನು ಎಳೆಯ ಮನಸ್ಸಿನಲ್ಲಿ ಬೆಳೆಸೀತು. ಆದುದರಿಂದ, ನಾಳೆ ಇಂತಹ ಆಟಗಳನ್ನು ರಚಿಸಲಿರುವ ವಿದ್ಯಾರ್ಥಿಮಿತ್ರರು ಯಂತ್ರಕ್ಕೆ ಲೆಕ್ಕವನ್ನು ಕಲಿಸುವಾಗ, ಆಟಗಾರನ ನಡತೆಗೂ ಅದರಲ್ಲಿ ಒಂದು ಸ್ಥಾನವನ್ನು ಕಾದಿರಿಸಬೇಕು.